ನಡುಕ ನಿಂತರೆ ಸಾಲದು

ಪಾರ್ಕಿನ್ಸನ್ಸ್ ಕಾಯಿಲೆ ಬಂದು ಎಂಟು ಹತ್ತು ವರ್ಷ ಕಳೆದವರ ದಿನವನ್ನು ಗಡಿಯಾರ ಹಿಡಿದು ನೋಡಬೇಕು. ಬೆಳಗಿನ ಮೊದಲ ಮಾತ್ರೆ ಹತ್ತುವವರೆಗೆ ಹಾಸಿಗೆಯಲ್ಲಿ ಮಗ್ಗುಲು ಬದಲಿಸುವುದೂ ಕಷ್ಟ. ಅರ್ಧ ಮುಕ್ಕಾಲು ಗಂಟೆ ಕಳೆದ ಮೇಲೆ ಮೈ ಸಡಿಲವಾಗಿ ಸ್ನಾನ, ತಿಂಡಿ, ಪೇಪರು, ಬೀದಿಯ ಕೊನೆಯವರೆಗೆ ಒಂದು ನಡಿಗೆ ಎಲ್ಲವೂ ಸಾಧ್ಯವಾಗುತ್ತದೆ. ಎರಡು ಮೂರು ಗಂಟೆ ಆಗುವಷ್ಟರಲ್ಲಿ ಔಷಧದ ಬಲ ಇಳಿದು ಕೈಕಾಲು ಮತ್ತೆ ಬಿಗಿಯುತ್ತವೆ, ಅಂಗಿಯ ಗುಂಡಿ ಹಾಕುವುದೂ ದೊಡ್ಡ ಕೆಲಸವಾಗುತ್ತದೆ. ಮುಂದಿನ ಮಾತ್ರೆಯ ಬಲ ಏರಿದಾಗ ಬೇರೆಯೇ ಕಾಟ: ಕತ್ತು, ಭುಜ, ಕಾಲುಗಳು ತಮ್ಮಷ್ಟಕ್ಕೆ ತಾವೇ ಹೊರಳಾಡತೊಡಗುತ್ತವೆ. ಇದಕ್ಕೆ ಡಿಸ್ಕೈನೇಸಿಯಾ ಎನ್ನುತ್ತಾರೆ. ಮೈ ಮಾತು ಕೇಳುವ ಹೊತ್ತನ್ನು 'ಆನ್' ಎಂದೂ, ಕೇಳದ ಹೊತ್ತನ್ನು 'ಆಫ್' ಎಂದೂ ರೋಗಿಗಳೂ ವೈದ್ಯರೂ ಕರೆಯುತ್ತಾರೆ. ಈ ಕಾಯಿಲೆ ಕಸಿದುಕೊಳ್ಳುವುದು ದಿನದ ಗಂಟೆಗಳನ್ನು. ಹಾಗಾಗಿ ಇದಕ್ಕೆ ಇರುವ ಯಾವುದೇ ಚಿಕಿತ್ಸೆಯನ್ನು ಅಳೆಯುವಾಗಲೂ ಕೇಳಬೇಕಾದದ್ದು, ರೋಗಿಗೆ ಎಷ್ಟು ಗಂಟೆ ಮರಳಿತು, ಆ ಗಂಟೆಗಳಲ್ಲಿ ಅವರಿಗೆ ಏನು ಮಾಡಲು ಸಾಧ್ಯವಾಯಿತು ಎಂದು. ಮೆದುಳಿನ ಆಳಕ್ಕೆ ವಿದ್ಯುತ್ ತಂತಿ ಇಳಿಸುವ ಡೀಪ್ ಬ್ರೈನ್ ಸ್ಟಿಮ್ಯುಲೇಶನ್, ಅಂದರೆ ಡಿಬಿಎಸ್ ಚಿಕಿತ್ಸೆಯ ಬಗ್ಗೆ ನಡೆಯುವ ಚರ್ಚೆಯಲ್ಲಿ ಈ ಪ್ರಶ್ನೆಗಿಂತ 'ನಡುಕ ನಿಂತಿತೇ' ಎಂಬುದೇ ಮುಂದಾಗುತ್ತಿರುವುದು ರೋಗಿಗಳಿಗೆ ಒಳ್ಳೆಯದಲ್ಲ ಎಂಬುದು ನನ್ನ ವಾದ.

ಮಾತ್ರೆಗಳೇ ಏಕೆ ಸಾಲುವುದಿಲ್ಲ ಎಂಬುದನ್ನು ಮೊದಲು ನೋಡೋಣ. ಮಧ್ಯಮೆದುಳಿನಲ್ಲಿ ಡೋಪಮೈನ್ ಎಂಬ ರಾಸಾಯನಿಕವನ್ನು ತಯಾರಿಸುವ ನರಕೋಶಗಳು ಸಾಯುತ್ತಾ ಹೋಗುವುದು ಈ ಕಾಯಿಲೆಯ ತಿರುಳು. ಲಂಡನ್ನಿನ ವೈದ್ಯ ಜೇಮ್ಸ್ ಪಾರ್ಕಿನ್ಸನ್ 1817ರಲ್ಲಿ ಕಾಯಿಲೆಯನ್ನು ವರ್ಣಿಸಿದರೂ, ರೋಗಿಗಳ ಮೆದುಳಿನಲ್ಲಿ ಡೋಪಮೈನ್ ಕೊರತೆ ಇದೆ ಎಂದು ವಿಯೆನ್ನಾದ ಒಲೆಹ್ ಹಾರ್ನಿಕೀವಿಚ್ ತೋರಿಸಿದ್ದು 1960ರಲ್ಲಿ. ಡೋಪಮೈನನ್ನೇ ನುಂಗಿದರೆ ಅದು ರಕ್ತದಿಂದ ಮೆದುಳಿಗೆ ದಾಟುವುದಿಲ್ಲ. ಅದರ ಪೂರ್ವರೂಪವಾದ ಲೆವೊಡೋಪಾ ದಾಟುತ್ತದೆ. 1967ರಲ್ಲಿ ಜಾರ್ಜ್ ಕೋಟ್ಜಿಯಾಸ್ ಅದನ್ನು ಬಾಯಿಯ ಮೂಲಕ ದೊಡ್ಡ ಪ್ರಮಾಣದಲ್ಲಿ, ಮೆಲ್ಲಮೆಲ್ಲನೆ ಏರಿಸುತ್ತಾ ಕೊಟ್ಟು ಗೆದ್ದರು. ಇವತ್ತು ನಮ್ಮ ಔಷಧದಂಗಡಿಗಳಲ್ಲಿ ಸಿಂಡೋಪಾದಂಥ ಹೆಸರಿನಲ್ಲಿ ಸಿಗುವುದು ಅದೇ ಲೆವೊಡೋಪಾ, ಜೊತೆಗೆ ಕಾರ್ಬಿಡೋಪಾ. ಆಯುರ್ವೇದದಲ್ಲಿ ಬಳಕೆಯಲ್ಲಿರುವ, ನಮ್ಮ ಬೇಲಿಗಳಲ್ಲಿ ಹಬ್ಬುವ ನಸುಗುನ್ನಿಯ ಬೀಜದಲ್ಲಿಯೂ ಇದೇ ವಸ್ತು ಇದೆ. ಹಾಗೆಂದು ಬೀಜವನ್ನು ಮನೆಯಲ್ಲೇ ಪುಡಿಮಾಡಿ ತಿನ್ನುವುದು ಅಪಾಯಕಾರಿ, ಪ್ರಮಾಣ ಹತೋಟಿಗೆ ಸಿಗುವುದಿಲ್ಲ. ಮೊದಲ ಕೆಲವು ವರ್ಷ ಈ ಔಷಧ ಪವಾಡದಂತೆ ಕೆಲಸ ಮಾಡುತ್ತದೆ. ಉಳಿದಿರುವ ನರಕೋಶಗಳು ಅದನ್ನು ಹಿಡಿದಿಟ್ಟುಕೊಂಡು ಹದವಾಗಿ ಬಿಡುಗಡೆ ಮಾಡುತ್ತಿರುತ್ತವೆ. ಕೋಶಗಳು ಕಡಿಮೆಯಾದಂತೆ ಹಿಡಿದಿಡುವ ಶಕ್ತಿ ಕುಗ್ಗಿ, ರಕ್ತದಲ್ಲಿ ಔಷಧ ಏರಿಳಿದಂತೆ ಮೈಯೂ ಏರಿಳಿಯುತ್ತದೆ. ಆಗ ಮಾತ್ರೆಯನ್ನು ಹೆಚ್ಚಿಸಿದರೆ ಹೊರಳಾಟ, ಕಡಿಮೆ ಮಾಡಿದರೆ ಬಿಗಿತ. ಔಷಧ ಕೆಲಸ ಮಾಡುತ್ತಿದೆ, ಆದರೆ ಎಡೆಬಿಡದೆ ಮಾಡುತ್ತಿಲ್ಲ ಎಂಬ ಈ ಸ್ಥಿತಿಯೇ ಡಿಬಿಎಸ್‌ನ ಕ್ಷೇತ್ರ.

ಫ್ರಾನ್ಸಿನ ಗ್ರೆನೋಬಲ್ ನಗರದಲ್ಲಿ ಈ ಚಿಕಿತ್ಸೆ ಶುರುವಾಯಿತು. ನಡುಕ ನಿಲ್ಲಿಸಲು ಮೆದುಳಿನ ಥಲಾಮಸ್ ಭಾಗದಲ್ಲಿ ಒಂದು ಚುಕ್ಕೆಯಷ್ಟು ಜಾಗವನ್ನು ಸುಟ್ಟುಹಾಕುವ ಶಸ್ತ್ರಚಿಕಿತ್ಸೆ ಆಗಲೇ ಇತ್ತು. ಸುಡುವ ಮುನ್ನ ಜಾಗ ಸರಿಯಾಗಿದೆಯೇ ಎಂದು ಸಣ್ಣ ವಿದ್ಯುತ್ ಹರಿಸಿ ಪರೀಕ್ಷಿಸುವುದು ವಾಡಿಕೆ. ಸೆಕೆಂಡಿಗೆ ನೂರಕ್ಕೂ ಹೆಚ್ಚು ಮಿಡಿತ ಕೊಟ್ಟಾಗ ಸುಡದೆಯೇ ನಡುಕ ನಿಲ್ಲುವುದನ್ನು ನರಶಸ್ತ್ರಚಿಕಿತ್ಸಕ ಅಲಿಮ್ ಲೂಯಿ ಬೆನಬಿದ್ ಗಮನಿಸಿದರು. 1987ರಲ್ಲಿ ಅವರೂ ನರತಜ್ಞ ಪಿಯರ್ ಪೊಲ್ಲಾಕ್ ಅವರೂ ಇದನ್ನು ಪ್ರಕಟಿಸಿದರು. ಆದರೆ ಥಲಾಮಸ್ ಚೋದನೆ ನಡುಕವನ್ನಷ್ಟೇ ತಡೆಯುತ್ತಿತ್ತು. ಬಿಗಿತ, ನಿಧಾನ ಹಾಗೆಯೇ ಉಳಿಯುತ್ತಿದ್ದವು. ಮುಂದಿನ ಹೆಜ್ಜೆಗೆ ದಾರಿ ತೋರಿದ್ದು ಅಮೆರಿಕದ ಮಾಲನ್ ಡಿಲಾಂಗ್ ಅವರ ತಂಡ. ಎಂಪಿಟಿಪಿ ಎಂಬ ವಿಷದಿಂದ ಪಾರ್ಕಿನ್ಸನ್ಸ್ ಲಕ್ಷಣ ಬಂದಿದ್ದ ಕೋತಿಗಳಲ್ಲಿ ಸಬ್‌ಥಲಾಮಿಕ್ ನ್ಯೂಕ್ಲಿಯಸ್ ಎಂಬ ಪುಟ್ಟ ಕೇಂದ್ರವನ್ನು ನಿಷ್ಕ್ರಿಯಗೊಳಿಸಿದರೆ ಚಲನೆ ಮರಳುತ್ತದೆ ಎಂದು ಅವರು 1990ರಲ್ಲಿ ತೋರಿಸಿದರು. 1993ರಲ್ಲಿ ಗ್ರೆನೋಬಲ್ ತಂಡ ಅದೇ ಕೇಂದ್ರಕ್ಕೆ ತಂತಿ ಇಳಿಸಿತು. ಬೆನಬಿದ್ ಮತ್ತು ಡಿಲಾಂಗ್ ಇಬ್ಬರಿಗೂ 2014ರಲ್ಲಿ ಲಾಸ್ಕರ್ ಪ್ರಶಸ್ತಿ ಬಂತು. ಇಂದಿಗೂ ವಿಧಾನ ಹೆಚ್ಚುಕಡಿಮೆ ಅದೇ: ತಲೆಬುರುಡೆಯಲ್ಲಿ ಎರಡು ಸಣ್ಣ ರಂಧ್ರ, ಎಂಆರ್‌ಐ ನಕ್ಷೆ ನೋಡಿಕೊಂಡು ಮಿಲಿಮೀಟರ್ ಲೆಕ್ಕದಲ್ಲಿ ಇಳಿಸುವ ಎರಡು ತಂತಿ, ಕಾಲರ್ ಮೂಳೆಯ ಕೆಳಗೆ ಚರ್ಮದಡಿ ಹೃದಯದ ಪೇಸ್‌ಮೇಕರಿನಂಥ ಬ್ಯಾಟರಿ. ಹಲವು ಕಡೆ ತಂತಿ ಇಳಿಸುವಾಗ ರೋಗಿ ಎಚ್ಚರವಾಗಿಯೇ ಇರುತ್ತಾರೆ. ಕೈ ಮಡಚಿ ಬಿಡಿಸಲು, ಮಾತಾಡಲು ಹೇಳಿ ಪರಿಣಾಮವನ್ನು ಅಲ್ಲೇ ನೋಡುತ್ತಾರೆ.

ರೋಗಿಯ ಬದುಕನ್ನು ಅಳೆಯುವುದು ಹೇಗೆ? ಆಕ್ಸ್‌ಫರ್ಡಿನಲ್ಲಿ ಸಿದ್ಧವಾದ ಪಿಡಿಕ್ಯೂ-39 ಎಂಬ ಪ್ರಶ್ನಾವಳಿ ಇದಕ್ಕಾಗಿ ಹೆಚ್ಚು ಬಳಕೆಯಲ್ಲಿದೆ. ಅದರ ಮೂವತ್ತೊಂಬತ್ತು ಪ್ರಶ್ನೆಗಳಿಗೆ ಉತ್ತರ ಕೊಡುವವರು ರೋಗಿಯೇ. ಓಡಾಟ, ದಿನದ ಕೆಲಸ, ಮನಸ್ಸಿನ ಸ್ಥಿತಿ, ನಾಲ್ಕು ಜನರೆದುರು ಆಗುವ ಸಂಕೋಚ, ಆಪ್ತರ ಆಸರೆ, ನೆನಪು, ಮಾತು, ಮೈನೋವು ಎಂದು ಎಂಟು ಭಾಗ. ಒಟ್ಟು ಅಂಕ ಸೊನ್ನೆಯಿಂದ ನೂರರವರೆಗೆ, ಹೆಚ್ಚಾದಷ್ಟೂ ಕಷ್ಟ ಹೆಚ್ಚು. 2006ರಲ್ಲಿ ಗುಂಟರ್ ಡಾಯ್ಶ್ಲ್ ನೇತೃತ್ವದ ಜರ್ಮನಿ, ಆಸ್ಟ್ರಿಯಾದ ವೈದ್ಯರು 156 ರೋಗಿಗಳನ್ನು ಎರಡು ಗುಂಪು ಮಾಡಿ, ಒಂದು ಗುಂಪಿಗೆ ಡಿಬಿಎಸ್ ಜೊತೆ ಔಷಧ, ಇನ್ನೊಂದಕ್ಕೆ ಔಷಧ ಮಾತ್ರ ಕೊಟ್ಟು ಆರು ತಿಂಗಳು ನೋಡಿದರು. ಮೊದಲ ಗುಂಪಿನ ಅಂಕ ಸುಮಾರು 42ರಿಂದ 32ಕ್ಕೆ ಇಳಿಯಿತು. ಎರಡನೆಯದು ಇದ್ದಲ್ಲೇ ಇತ್ತು. 2009ರಲ್ಲಿ ಅಮೆರಿಕದ ಮಾಜಿ ಸೈನಿಕರ ಆಸ್ಪತ್ರೆಗಳು ಸೇರಿ 255 ರೋಗಿಗಳ ಮೇಲೆ ನಡೆಸಿದ ಅಧ್ಯಯನ ಗಂಟೆಯ ಲೆಕ್ಕವನ್ನೇ ಕೊಟ್ಟಿತು. ಡಿಬಿಎಸ್ ಆದವರಿಗೆ ಹೊರಳಾಟದ ಕಾಟವಿಲ್ಲದ 'ಆನ್' ಸಮಯ ದಿನಕ್ಕೆ ಸರಾಸರಿ 4.6 ಗಂಟೆ ಹೆಚ್ಚಿತು. ಅತ್ಯುತ್ತಮ ಔಷಧ ಪಡೆದವರಿಗೆ ಏನೂ ಹೆಚ್ಚಲಿಲ್ಲ. ನಾಲ್ಕೂವರೆ ಗಂಟೆ ಎಂದರೆ ಮಧ್ಯಾಹ್ನದ ಊಟದಿಂದ ಸಂಜೆಯ ದೀಪದವರೆಗಿನ ಹೊತ್ತು. ಅಷ್ಟು ಹೊತ್ತು ಇನ್ನೊಬ್ಬರ ಕೈ ಹಿಡಿಯದೆ ಎದ್ದು ಓಡಾಡುವುದು ರೋಗಿಗೆ ಮಾತ್ರವಲ್ಲ, ಇಡೀ ದಿನ ಅವರ ಪಕ್ಕದಲ್ಲೇ ಇರಬೇಕಾದ ಹೆಂಡತಿಗೋ ಗಂಡನಿಗೋ ಸೊಸೆಗೋ ಸಿಗುವ ಬಿಡುವು ಕೂಡ.

ಇಲ್ಲಿ ಒಂದು ಗಟ್ಟಿ ಆಕ್ಷೇಪವಿದೆ. ತಲೆಗೆ ರಂಧ್ರ ಕೊರೆಸಿಕೊಂಡವರಿಗೆ ತಾವು ಏನು ಮಾಡಿಸಿಕೊಂಡೆವು ಎಂಬುದು ಗೊತ್ತಿರುತ್ತದೆ. ದೊಡ್ಡ ನಿರೀಕ್ಷೆಯಿಂದಲೇ ಬದುಕು ಚೆನ್ನಾಗಿದೆ ಅನ್ನಿಸಬಹುದು. ರೋಗಿಯೇ ಉತ್ತರಿಸುವ ಪ್ರಶ್ನಾವಳಿಯಲ್ಲಂತೂ ಈ ಸಾಧ್ಯತೆ ಹೆಚ್ಚು. ಪಾರ್ಕಿನ್ಸನ್ಸ್ ಕಾಯಿಲೆಯಲ್ಲಿ ಹುಸಿಮದ್ದಿನ ಪರಿಣಾಮ ಪ್ರಬಲವಾಗಿರುವುದೂ ನಿಜ. ಇದಕ್ಕೆ ಉತ್ತರ 2020ರಲ್ಲಿ ಪ್ರಕಟವಾದ ಇಂಟ್ರೆಪಿಡ್ ಎಂಬ ಅಧ್ಯಯನದಲ್ಲಿದೆ. ಅಲ್ಲಿ 160 ರೋಗಿಗಳಿಗೂ ತಂತಿ, ಬ್ಯಾಟರಿ ಕೂರಿಸಲಾಯಿತು. ಒಂದು ಗುಂಪಿಗೆ ಸರಿಯಾದ ವಿದ್ಯುತ್, ಇನ್ನೊಂದಕ್ಕೆ ಪರಿಣಾಮ ಬೀರದಷ್ಟು ಕಡಿಮೆ ವಿದ್ಯುತ್. ಯಾರಿಗೆ ಯಾವುದು ಎಂದು ರೋಗಿಗೂ ಗೊತ್ತಿರಲಿಲ್ಲ, ಪರೀಕ್ಷಿಸುವವರಿಗೂ ಗೊತ್ತಿರಲಿಲ್ಲ. ಮೂರು ತಿಂಗಳ ನಂತರ ಎರಡು ಗುಂಪುಗಳ ನಡುವಿನ ಅಂತರ ದಿನಕ್ಕೆ ಸುಮಾರು ಮೂರು ಗಂಟೆಯ ಒಳ್ಳೆಯ 'ಆನ್' ಸಮಯ. 4.6ಕ್ಕೂ 3ಕ್ಕೂ ನೇರ ಹೋಲಿಕೆ ಸಲ್ಲದು, ಅಧ್ಯಯನಗಳೇ ಬೇರೆ ಬೇರೆ. ಆದರೆ ನಿರೀಕ್ಷೆಯ ಪಾಲನ್ನು ಕಳೆದ ಮೇಲೂ ವಿದ್ಯುತ್ತಿನ ಪಾಲು ದೊಡ್ಡದಾಗಿಯೇ ಉಳಿಯುತ್ತದೆ ಎನ್ನಲು ಇಷ್ಟು ಸಾಕು.

ಇನ್ನು ಈ ಚಿಕಿತ್ಸೆ ಏನನ್ನು ಕೊಡುವುದಿಲ್ಲ ಎಂಬುದು. ಸ್ವಿಚ್ ಒತ್ತಿದೊಡನೆ ಜೋರಾಗಿ ನಡುಗುತ್ತಿದ್ದ ಕೈ ತಟ್ಟನೆ ನಿಲ್ಲುವ ವಿಡಿಯೊಗಳನ್ನು ಬಹುತೇಕರು ಮೊಬೈಲಿನಲ್ಲಿ ನೋಡಿರುತ್ತಾರೆ. ಅವು ಸುಳ್ಳಲ್ಲ. ಆದರೆ ಕ್ಯಾಮೆರಾಕ್ಕೆ ಕಾಣುವುದು ನಡುಕವೊಂದೇ. ಪಾರ್ಕಿನ್ಸನ್ಸ್ ಇರುವವರ ಬದುಕನ್ನು ಹಿಂಡುವ ಖಿನ್ನತೆ, ನಿದ್ರೆಗೇಡು, ಮಲಬದ್ಧತೆ, ಮರೆವು, ತಗ್ಗಿದ ದನಿ, ಹೆಜ್ಜೆ ನೆಲಕ್ಕಂಟಿ ಬೀಳುವ ಭಯ ಯಾವುದೂ ಮೂವತ್ತು ಸೆಕೆಂಡಿನ ವಿಡಿಯೊದಲ್ಲಿ ಸಿಗುವುದಿಲ್ಲ. ನರತಜ್ಞರು ಒಂದು ಸರಳ ನಿಯಮ ಇಟ್ಟುಕೊಂಡಿರುತ್ತಾರೆ: ಲೆವೊಡೋಪಾ ಮಾತ್ರೆಗೆ ಯಾವ ಲಕ್ಷಣ ಬಗ್ಗುತ್ತದೆಯೋ ಅದು ಡಿಬಿಎಸ್‌ಗೂ ಬಗ್ಗುತ್ತದೆ, ಮಾತ್ರೆಗೆ ಬಗ್ಗದ್ದು ಇದಕ್ಕೂ ಬಗ್ಗುವುದಿಲ್ಲ, ನಡುಕವೊಂದು ಅಪವಾದ. ಅಂದರೆ ಡಿಬಿಎಸ್ ರೋಗಿಯ ಅತ್ಯುತ್ತಮ 'ಆನ್' ಸ್ಥಿತಿಯನ್ನು ದಿನದ ಹೆಚ್ಚು ಹೊತ್ತಿಗೆ ಹಬ್ಬಿಸುತ್ತದೆ, ಅದಕ್ಕಿಂತ ಮೇಲಕ್ಕೆ ಸಾಮಾನ್ಯವಾಗಿ ಏರಿಸುವುದಿಲ್ಲ. ಗ್ರೆನೋಬಲ್ ತಂಡವೇ 49 ರೋಗಿಗಳನ್ನು ಐದು ವರ್ಷ ಹಿಂಬಾಲಿಸಿ 2003ರಲ್ಲಿ ವರದಿ ಮಾಡಿತು. ಔಷಧವಿಲ್ಲದ ಸ್ಥಿತಿಯಲ್ಲಿ ಚಲನೆಯ ಸುಧಾರಣೆ ಐದನೆಯ ವರ್ಷದಲ್ಲೂ ಶೇ. 54ರಷ್ಟಿತ್ತು. ಆದರೆ ಔಷಧ ತೆಗೆದುಕೊಂಡ ಹೊತ್ತಿನ ಮಾತು, ನಿಲುವಿನ ಸಮತೋಲನ, ನಡಿಗೆಯ ತಡೆತ ವರ್ಷದಿಂದ ವರ್ಷಕ್ಕೆ ಕೆಟ್ಟವು. ಕೋಶಗಳು ಸಾಯುವುದನ್ನು ಈ ವಿದ್ಯುತ್ ನಿಲ್ಲಿಸುತ್ತದೆ ಎಂಬುದಕ್ಕೆ ಪುರಾವೆ ಇಲ್ಲ. ಸಬ್‌ಥಲಾಮಿಕ್ ಚೋದನೆಯಿಂದ ಕೆಲವರ ಮಾತು ಇನ್ನಷ್ಟು ತೊದಲುವುದೂ ಉಂಟು. ಹಾಗಾದರೆ ಉಪಯೋಗ ತಾತ್ಕಾಲಿಕವೇ? ಅದೂ ಅಲ್ಲ. 2021ರಲ್ಲಿ ಪ್ರಕಟವಾದ ಇನ್ನೊಂದು ವರದಿಯಲ್ಲಿ, ಶಸ್ತ್ರಚಿಕಿತ್ಸೆಯಾಗಿ ಹದಿನೈದು ವರ್ಷ ದಾಟಿದ 51 ಮಂದಿಯಲ್ಲಿ ಹೊರಳಾಟದ ಹೊತ್ತು ಶೇ. 75ರಷ್ಟು, 'ಆಫ್' ಹೊತ್ತು ಸುಮಾರು ಶೇ. 59ರಷ್ಟು ಕಡಿಮೆಯಾಗಿಯೇ ಉಳಿದಿತ್ತು. ಕಾಯಿಲೆ ಮುಂದೆ ಸಾಗುತ್ತದೆ, ಗಂಟೆಗಳ ಲಾಭವೂ ಉಳಿಯುತ್ತದೆ. ಎರಡನ್ನೂ ಒಟ್ಟಿಗೆ ಒಪ್ಪಿಕೊಂಡವರಿಗೆ ಈ ಚಿಕಿತ್ಸೆ ನಿರಾಸೆ ತರುವ ಸಂಭವ ಕಡಿಮೆ.

ನನಗೆ ಇವೆಲ್ಲಕ್ಕಿಂತ ಮುಖ್ಯ ಅನ್ನಿಸುವುದು 2006ರಲ್ಲೇ ಪ್ಯಾರಿಸ್ಸಿನಿಂದ ಬಂದ ಒಂದು ಸಣ್ಣ ಅಧ್ಯಯನ. ಮಿಕಾಯೆಲ್ ಶುಪ್‌ಬಾಖ್, ಈವ್ ಅಜಿದ್ ಮುಂತಾದವರು 29 ರೋಗಿಗಳನ್ನು ಶಸ್ತ್ರಚಿಕಿತ್ಸೆಯ ಮುಂಚೆಯೂ ನಂತರವೂ ಕೂರಿಸಿ ಮಾತಾಡಿಸಿದರು. ಚಲನೆಯ ಅಂಕವೂ ಜೀವನಮಟ್ಟದ ಅಂಕವೂ ಸುಧಾರಿಸಿದ್ದವು. ಆದರೂ 19 ಮಂದಿಗೆ ತಮ್ಮ ಮೈ, ತಮ್ಮತನದ ಬಗ್ಗೆ ಗೊಂದಲ. ಸಂಗಾತಿ ಇದ್ದ 24ರಲ್ಲಿ 17 ಮಂದಿಯ ದಾಂಪತ್ಯದಲ್ಲಿ ತೊಡಕು. ಮುಂಚೆ ಉದ್ಯೋಗದಲ್ಲಿದ್ದ 16ರಲ್ಲಿ ಕೆಲಸಕ್ಕೆ ಮರಳಿದ್ದು 9 ಮಂದಿ ಮಾತ್ರ. ಹತ್ತು ಹದಿನೈದು ವರ್ಷ ಒಬ್ಬರು ರೋಗಿ, ಇನ್ನೊಬ್ಬರು ಆರೈಕೆ ಮಾಡುವವರು ಎಂದು ಮನೆ ಹೊಂದಿಕೊಂಡಿರುತ್ತದೆ. ಮೈ ಕೆಲವೇ ವಾರಗಳಲ್ಲಿ ಸರಿಹೋದಾಗ ಆ ಏರ್ಪಾಡು ಕುಸಿಯುತ್ತದೆ. ಹೊಸದನ್ನು ಕಟ್ಟಿಕೊಳ್ಳಲು ಯಾರೂ ಕಲಿಸಿರುವುದಿಲ್ಲ. ಇದರ ಜೊತೆ ಔಷಧವನ್ನು ಬೇಗನೆ ತಗ್ಗಿಸಿದರೆ ಉತ್ಸಾಹವೇ ಬತ್ತಿಹೋಗುವುದು, ಕೆಲವರಲ್ಲಿ ವಿದ್ಯುತ್ತಿನಿಂದಲೇ ದುಡುಕು ಹೆಚ್ಚುವುದೂ ದಾಖಲಾಗಿವೆ. 2008ರಲ್ಲಿ ವಲೇರಿ ವೂನ್ ಮತ್ತಿತರರು ಹಲವು ಕೇಂದ್ರಗಳ ಐದು ಸಾವಿರಕ್ಕೂ ಹೆಚ್ಚು ರೋಗಿಗಳ ದಾಖಲೆ ನೋಡಿದಾಗ ಸುಮಾರು ಶೇ. 0.45 ಮಂದಿ ಆತ್ಮಹತ್ಯೆಯಿಂದ ತೀರಿಕೊಂಡಿದ್ದರು, ಅಪಾಯ ಮೊದಲ ವರ್ಷದಲ್ಲಿ ಹೆಚ್ಚಿತ್ತು. ಅಮೆರಿಕದ ಮಾಜಿ ಸೈನಿಕರ ಅಧ್ಯಯನದಲ್ಲಿ ಅಂಥ ಅಪಾಯ ಕಾಣಲಿಲ್ಲ ಎಂಬುದನ್ನೂ ಹೇಳಬೇಕು. ಇದರಿಂದ ಡಿಬಿಎಸ್ ಬೇಡ ಎಂಬ ತೀರ್ಮಾನಕ್ಕೆ ಹೋಗುವುದು ತಪ್ಪು. ಶಸ್ತ್ರಚಿಕಿತ್ಸೆಯ ತಂಡದಲ್ಲಿ ಮನೋವೈದ್ಯರು ಇರಬೇಕು, ಮುಂಚಿನ ಸಮಾಲೋಚನೆಯಲ್ಲಿ ಮನೆಯವರು ಕೂರಬೇಕು, ಮೊದಲ ವರ್ಷ ಮನಸ್ಸಿನ ಮೇಲೆ ಕಣ್ಣಿಡಬೇಕು. ಇಷ್ಟು ಏರ್ಪಾಡಿಲ್ಲದ ಕಡೆ ತಂತಿ ಎಷ್ಟೇ ನಿಖರವಾಗಿ ಕೂತರೂ ಚಿಕಿತ್ಸೆ ಅರ್ಧವಾಯಿತು ಎಂದೇ ನಾನು ಹೇಳುತ್ತೇನೆ.

'ಮೆದುಳಿಗೆ ಕೈ ಹಾಕುವುದೇಕೆ, ಏನೂ ನಡೆಯದಿದ್ದಾಗ ಕೊನೆಗೆ ನೋಡೋಣ' ಎಂಬುದು ಮನೆಮನೆಯಲ್ಲೂ ಕೇಳುವ ಮಾತು. ಭಯಕ್ಕೆ ಕಾರಣವಿದೆ. ಜರ್ಮನಿಯ ಅಧ್ಯಯನದಲ್ಲಿ ಶಸ್ತ್ರಚಿಕಿತ್ಸೆಯವರಲ್ಲಿ ಶೇ. 13 ಮಂದಿಗೆ ಗಂಭೀರ ತೊಂದರೆಗಳಾದವು, ಔಷಧದವರಲ್ಲಿ ಶೇ. 4. ಶಸ್ತ್ರಚಿಕಿತ್ಸೆಯ ಗುಂಪಿನ ಒಬ್ಬರು ಮೆದುಳಿನ ರಕ್ತಸ್ರಾವದಿಂದ ತೀರಿಕೊಂಡರು. ಅಮೆರಿಕದ ಅಧ್ಯಯನದಲ್ಲಿ ಗಂಭೀರ ತೊಂದರೆಗಳು ಶೇ. 40, ಔಷಧದವರಲ್ಲಿ ಶೇ. 11. ಇವುಗಳಲ್ಲಿ ಬಹಳಷ್ಟು, ಸೋಂಕಿನಂಥವು, ವಾಸಿಯಾದವು, ರಕ್ತಸ್ರಾವ ಹಾಗಲ್ಲ. ಆದರೆ ಕೊನೆಗೆ ನೋಡೋಣ ಎಂಬ ಲೆಕ್ಕದಲ್ಲಿ ಒಂದು ದೋಷವಿದೆ. ಕೊನೆಯ ಹಂತವೆಂದರೆ ಮರೆವು ಬಂದು, ಬೀಳುವುದು ಹೆಚ್ಚಿ, ಮಾತ್ರೆಗೂ ಮೈ ಬಗ್ಗದ ಹಂತ. ಆಗ ಡಿಬಿಎಸ್ ಕೊಡಬಲ್ಲದ್ದು ಏನೂ ಉಳಿದಿರುವುದಿಲ್ಲ, ಅಪಾಯ ಮಾತ್ರ ಹೆಚ್ಚಿರುತ್ತದೆ. 2013ರ ಅರ್ಲಿಸ್ಟಿಮ್ ಅಧ್ಯಯನ ಇದಕ್ಕೆ ಎದುರು ದಿಕ್ಕಿನಿಂದ ಬಂತು. ಸರಾಸರಿ 52 ವಯಸ್ಸಿನ, ಕಾಯಿಲೆ ಬಂದು ಸರಾಸರಿ ಏಳೂವರೆ ವರ್ಷವಾದ, ಏರಿಳಿತ ಈಗಷ್ಟೇ ಶುರುವಾಗಿದ್ದ 251 ಮಂದಿಯಲ್ಲಿ, ಎರಡು ವರ್ಷದ ನಂತರ ಡಿಬಿಎಸ್ ಗುಂಪಿನ ಜೀವನಮಟ್ಟ ಶೇ. 26 ಸುಧಾರಿಸಿತ್ತು, ಔಷಧದ ಗುಂಪಿನದು ಶೇ. 1 ಕುಸಿದಿತ್ತು. ಹಾಗಾದರೆ ಎಲ್ಲರಿಗೂ ಬೇಗನೆ ಮಾಡಿಬಿಡೋಣವೇ? ಬೇಡ. ಮಲ್ಟಿಪಲ್ ಸಿಸ್ಟಮ್ ಅಟ್ರೋಫಿಯಂಥ ಕೆಲವು ಕಾಯಿಲೆಗಳು ಮೊದಲ ವರ್ಷಗಳಲ್ಲಿ ಪಾರ್ಕಿನ್ಸನ್ಸ್‌ನಂತೆಯೇ ಕಾಣುತ್ತವೆ, ಅವಕ್ಕೆ ಡಿಬಿಎಸ್ ಉಪಯೋಗವಿಲ್ಲ. ಗುರುತು ಖಚಿತವಾಗಲು ನಾಲ್ಕೈದು ವರ್ಷ ಕಾಯುವುದು ಒಳ್ಳೆಯದು. ಅರ್ಲಿಸ್ಟಿಮ್‌ನಲ್ಲಿ ಆಯ್ದವರು ಚಿಕ್ಕ ವಯಸ್ಸಿನವರು, ಮಾತ್ರೆಗೆ ಚೆನ್ನಾಗಿ ಬಗ್ಗುತ್ತಿದ್ದವರು ಎಂಬುದನ್ನೂ ಮರೆಯಬಾರದು. ತಜ್ಞರು ಐದು, ಎರಡು, ಒಂದು ಎಂಬ ಸೂಚಿಯನ್ನು ಬಳಸುತ್ತಾರೆ: ದಿನಕ್ಕೆ ಐದು ಸಲವಾದರೂ ಲೆವೊಡೋಪಾ, ಎರಡು ಗಂಟೆಯಾದರೂ 'ಆಫ್', ಒಂದು ಗಂಟೆಯಾದರೂ ಕಾಡುವ ಹೊರಳಾಟ. ಇವುಗಳಲ್ಲಿ ಯಾವುದಾದರೂ ಇದ್ದರೆ ಮುಂದಿನ ಚಿಕಿತ್ಸೆಗಳ ಬಗ್ಗೆ ವಿಚಾರಿಸುವ ಕಾಲ ಬಂದಿದೆ ಎಂದರ್ಥ. ವಿಚಾರಿಸುವುದಕ್ಕೂ ಮಾಡಿಸಿಕೊಳ್ಳುವುದಕ್ಕೂ ನಡುವೆ ಬಹಳ ಅಂತರವಿದೆ, ಮೊದಲನೆಯದಕ್ಕೆ ಯಾವ ಅಪಾಯವೂ ಇಲ್ಲ.

ದುಡ್ಡಿನ ಮಾತನ್ನು ಬಿಟ್ಟು ಜೀವನಮಟ್ಟದ ಮಾತಾಡುವುದು ನಮ್ಮ ನಾಡಿನಲ್ಲಿ ಅಪ್ರಾಮಾಣಿಕವಾಗುತ್ತದೆ. ಸಾಧನಕ್ಕೇ ಹಲವು ಲಕ್ಷ ರೂಪಾಯಿ. ಮರುಚಾರ್ಜ್ ಆಗದ ಬ್ಯಾಟರಿ ಸಾಮಾನ್ಯವಾಗಿ ಮೂರರಿಂದ ಐದು ವರ್ಷ ಬಾಳುತ್ತದೆ, ಆಮೇಲೆ ಬದಲಿಸಬೇಕು, ಅದೂ ಲಕ್ಷಗಳ ಮಾತು. ಮರುಚಾರ್ಜ್ ಆಗುವುದು ಹದಿನೈದು ವರ್ಷದಷ್ಟು ಬಾಳುತ್ತದೆ, ಮೊದಲ ಬೆಲೆ ಹೆಚ್ಚು. ಹಣ ಹೊಂದಿಸಲಾಗದೆ ಬ್ಯಾಟರಿ ಮುಗಿಯಲು ಬಿಟ್ಟರೆ ಲಕ್ಷಣಗಳು ಒಮ್ಮೆಲೇ ಮರಳಿ ಜೀವಕ್ಕೇ ಅಪಾಯವಾದ ಉದಾಹರಣೆಗಳಿವೆ. ಬೆಂಗಳೂರಿನ ನಿಮ್ಹಾನ್ಸ್‌ನಂಥ ಸರ್ಕಾರಿ ಸಂಸ್ಥೆಯಲ್ಲಿ ಈ ಶಸ್ತ್ರಚಿಕಿತ್ಸೆ ನಡೆಯುತ್ತಿರುವುದು ದೊಡ್ಡ ಆಸರೆ. ಖಾಸಗಿ ಆಸ್ಪತ್ರೆಗಳೂ ಮಾಡುತ್ತವೆ. ಆದರೆ ಶಸ್ತ್ರಚಿಕಿತ್ಸೆ ಒಂದು ದಿನದ ಕೆಲಸ. ಆಮೇಲೆ ವಿದ್ಯುತ್ತಿನ ಪ್ರಮಾಣವನ್ನು ಹದಕ್ಕೆ ತರುವ ಪ್ರೋಗ್ರಾಮಿಂಗ್ ತಿಂಗಳುಗಟ್ಟಲೆ ನಡೆಯುತ್ತದೆ, ಪ್ರತಿ ಸಲವೂ ಮಾತ್ರೆ ನಿಲ್ಲಿಸಿ ಹೋಗಬೇಕಾಗಬಹುದು. ಬೀದರಿನಿಂದಲೋ ಕಾರವಾರದಿಂದಲೋ ರಾತ್ರಿ ಬಸ್ಸು ಹಿಡಿದು ಬರುವ ರೋಗಿಗೆ ಅದು ಎಂಥ ಶಿಕ್ಷೆ ಎಂದು ಯೋಚಿಸಿ. ಮೆದುಳಿನ ಅಲೆಗಳನ್ನು ಓದಿ ತಾನೇ ಪ್ರಮಾಣ ಬದಲಿಸುವ ಸಾಧನಕ್ಕೆ ಅಮೆರಿಕದಲ್ಲಿ 2025ರಲ್ಲಿ ಒಪ್ಪಿಗೆ ಸಿಕ್ಕಿದೆ, ಒಳ್ಳೆಯದೇ. ಆದರೆ ನಮಗೆ ಅದಕ್ಕಿಂತ ಮೊದಲು ಬೇಕಾದದ್ದು ಹುಬ್ಬಳ್ಳಿ, ಕಲಬುರಗಿ, ಮಂಗಳೂರಿನಂಥ ಊರುಗಳ ಸರ್ಕಾರಿ ಆಸ್ಪತ್ರೆಗಳಲ್ಲಿ ಪ್ರೋಗ್ರಾಮಿಂಗ್ ಗೊತ್ತಿರುವ ನರತಜ್ಞರು, ಬ್ಯಾಟರಿ ಬದಲಾವಣೆಯ ಖರ್ಚನ್ನೂ ಮೊದಲ ಶಸ್ತ್ರಚಿಕಿತ್ಸೆಯ ಖರ್ಚಿನಷ್ಟೇ ಗಂಭೀರವಾಗಿ ಪರಿಗಣಿಸುವ ವಿಮೆ ಮತ್ತು ಸರ್ಕಾರಿ ಯೋಜನೆಗಳು. ಮೊದಲ ಕಂತಿಗೆ ನೆರವು ಕೊಟ್ಟು ಎರಡನೆಯದಕ್ಕೆ ಕೈಬಿಡುವುದು ರೋಗಿಯನ್ನು ಮೊದಲಿಗಿಂತ ದೊಡ್ಡ ಸಂಕಟಕ್ಕೆ ತಳ್ಳುತ್ತದೆ.

ಈ ಆಯ್ಕೆಯ ಎದುರು ನಿಂತಿರುವ ಮನೆಗಳಿಗೆ ಒಂದು ವಿನಂತಿ. ವೈದ್ಯರನ್ನು ಕಾಣುವ ಮುನ್ನ ಕೆಲವು ದಿನ ಅರ್ಧರ್ಧ ಗಂಟೆಗೊಮ್ಮೆ ಬರೆದಿಡಿ: ಮಾತ್ರೆ ಯಾವಾಗ, ಮೈ ಬಿಗಿದದ್ದು ಯಾವಾಗ, ಹೊರಳಾಡಿದ್ದು ಯಾವಾಗ, ಚೆನ್ನಾಗಿ ಓಡಾಡಿದ್ದು ಯಾವಾಗ, ನಿದ್ದೆ ಎಷ್ಟು. ದೊಡ್ಡ ಅಧ್ಯಯನಗಳು ಗಂಟೆಗಳನ್ನು ಲೆಕ್ಕ ಹಾಕಿದ್ದು ರೋಗಿಗಳು ಬರೆದ ಇಂಥ ದಿನಚರಿಯಿಂದಲೇ. ಇನ್ನೊಂದು ಹಾಳೆಯಲ್ಲಿ, ಏನು ಮರಳಿ ಬಂದರೆ ನೆಮ್ಮದಿ ಎಂಬುದನ್ನು ರೋಗಿಯೇ ಹೇಳಿ ಬರೆಸಲಿ. ಮನೆಯವರು ತಮ್ಮದನ್ನು ಬೇರೆ ಬರೆಯಲಿ. ಎರಡನ್ನೂ ನರತಜ್ಞರ ಮುಂದಿಟ್ಟು, ಇವುಗಳಲ್ಲಿ ಡಿಬಿಎಸ್‌ನಿಂದ ಸಿಗುವುದು ಯಾವುದು, ಸಿಗದೆ ಇರುವುದು ಯಾವುದು, ಶಸ್ತ್ರಚಿಕಿತ್ಸೆಯ ನಂತರ ಪ್ರೋಗ್ರಾಮಿಂಗ್ ಯಾರು ಮಾಡುತ್ತಾರೆ, ಬ್ಯಾಟರಿ ಮುಗಿದಾಗ ಖರ್ಚೆಷ್ಟು ಎಂದು ಕೇಳಿ. ಸಾಲುಸಾಲಾಗಿ ಉತ್ತರ ಸಿಗುವವರೆಗೆ ಒಪ್ಪಿಗೆಪತ್ರಕ್ಕೆ ಸಹಿ ಹಾಕಬೇಡಿ. ದಿನಕ್ಕೆ ಐದು ಸಲ ಮಾತ್ರೆ ನುಂಗಿಯೂ ದಿನ ಕೈಗೆ ಸಿಗುತ್ತಿಲ್ಲವಾದರೆ ಕೇಳಲು ಹೋಗುವುದನ್ನು ಮುಂದೂಡಲೂಬೇಡಿ.